ಅಡಿಕೆ ತೋಟದ ಪುಟ್ಟ ಆಟವನ್ನು ಸ್ಟೀಮ್‌ನಲ್ಲಿ ಯಾವಾಗ, ಹೇಗೆ ಬಿಡುಗಡೆ ಮಾಡುವುದು?

ಮಂಡಗದ್ದೆ_ಮಳೆ:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ತಂಗಿಯೂ ಸೇರಿ, ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲೇ ಕುಳಿತು, ಆಟ ತಯಾರಿಸುವ ತಂತ್ರಾಂಶವಾದ ಗೋಡೋ 4 ಎಂಜಿನ್ ಬಳಸಿ ಒಂದು ಸಣ್ಣ ಕಂಪ್ಯೂಟರ್ ಆಟವನ್ನು ಸಿದ್ಧಪಡಿಸಿದ್ದೇವೆ. ಅಡಿಕೆ ತೋಟದ ಮಳೆಗಾಲವೇ ಅದರ ವಸ್ತು. ಕೊಳೆರೋಗ ತಗಲುವ ಮೊದಲೇ ಆಟಗಾರರು ಮೈಲುತುತ್ತ ಮತ್ತು ಸುಣ್ಣವನ್ನು ಹದವಾಗಿ ಬೆರೆಸಿ ಬೋರ್ಡೋ ದ್ರಾವಣ ಮಾಡಿಕೊಳ್ಳಬೇಕು, ಮಳೆ ನಿಂತು ಹೊಳವಾಗುವ ಹೊತ್ತಿಗೆ ಕಾಯಬೇಕು, ಮರ ಹತ್ತುವ ಕೊನೆಗಾರರು ಸಿಗುವ ದಿನಕ್ಕೂ ಆ ಹೊಳವಿಗೂ ತಾಳೆ ಹಾಕಿ ಔಷಧಿ ಹೊಡೆಸಬೇಕು. ಒಂದು ಸಲ ಆಡಿ ಮುಗಿಸಲು ಸುಮಾರು ಮೂರು ಗಂಟೆ ಬೇಕಾಗುತ್ತದೆ.

ಆಟದ ಮೊದಲ ಭಾಗವನ್ನು ಇಚ್ ಡಾಟ್ ಐಓ ತಾಣದಲ್ಲಿ, ಬ್ರೌಸರಿನಲ್ಲೇ ಆಡುವಂತೆ, ಉಚಿತವಾಗಿ ಇಟ್ಟಿದ್ದೇವೆ. ಆಡಿದವರ ಪ್ರತಿಕ್ರಿಯೆ ಚೆನ್ನಾಗಿದೆ. ಈಗ ಪೂರ್ಣ ಆಟಕ್ಕೆ ಬೆಲೆಯಿಟ್ಟು ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಬೇಕೆಂದಿದ್ದೇವೆ. ವಸ್ತು ಮಳೆಗಾಲದ್ದಾದ್ದರಿಂದ, ಇಲ್ಲಿ ಮಳೆ ಹಿಡಿಯುವ ಜೂನ್ ತಿಂಗಳಲ್ಲೇ ಬಿಡುಗಡೆ ಮಾಡಿದರೆ ಸೂಕ್ತವೆಂಬುದು ನನ್ನ ಎಣಿಕೆ. ತಂಗಿಗೆ ಅದು ಒಪ್ಪಿಗೆಯಿಲ್ಲ.

ಅನುಭವವುಳ್ಳವರಲ್ಲಿ ನನ್ನ ಕೋರಿಕೆ ಇಷ್ಟು. ದಿನಾಂಕವನ್ನು ಯಾವ ಆಧಾರದ ಮೇಲೆ ನಿಶ್ಚಯಿಸಬೇಕು? ಮಾರಾಟದ ಹಣದಲ್ಲಿ ನಮ್ಮ ಕೈಗೆ ಎಷ್ಟು ಬರುತ್ತದೆ, ಮತ್ತು ಊರಿನ ಬ್ಯಾಂಕ್ ಖಾತೆಗೆ ಅದು ಹೇಗೆ ತಲುಪುತ್ತದೆ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದೂ ಅದರ ಬೆನ್ನಿಗೇ ನೆಟ್‌ವರ್ಕ್ ಹೋಗುವುದೂ ನಿತ್ಯದ ಸಂಗತಿಯಾಗಿರುವಾಗ, ಬಿಡುಗಡೆಯ ನಂತರದ ತಿದ್ದುಪಡಿಗಳನ್ನು ನಿಭಾಯಿಸುವುದು ಹೇಗೆ? ಕೊನೆಯದಾಗಿ, ಆಟವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಡಬೇಕೆಂದಿದ್ದೇವೆ. ಕನ್ನಡ ಅಕ್ಷರಗಳ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಅಂಶಗಳಿದ್ದರೆ ದಯವಿಟ್ಟು ತಿಳಿಸಿ.

ಸಾಗರ_ಸೀಮೆ:

ಮಂಡಗದ್ದೆಯವರೇ, ದಿನಾಂಕದ ವಿಷಯದಲ್ಲಿ ನಿಮ್ಮ ತಂಗಿಯವರ ಮಾತೇ ಸರಿ ಎಂದು ನನಗನ್ನಿಸುತ್ತದೆ. ನಾನು ಇಲ್ಲಿಂದಲೇ ಎರಡು ಸಣ್ಣ ಆಟಗಳನ್ನು ಸ್ಟೀಮ್‌ಗೆ ಹಾಕಿ ನೋಡಿಕೊಳ್ಳುತ್ತಿರುವವನು. ಸಣ್ಣ ತಂಡದ ಆಟಕ್ಕೆ ಬಿಡುಗಡೆಯ ನಂತರದ ಎರಡು ವಾರಗಳ ಆರೈಕೆಯೇ ಮುಖ್ಯ. ದಿನಾಂಕವನ್ನು ಆ ಎರಡು ವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕೇ ಹೊರತು ಆಟದ ಕಥೆಯ ಋತುವನ್ನು ನೋಡಿ ಅಲ್ಲ. ನಿಮ್ಮ ಆಟವನ್ನು ಕೊಳ್ಳುವವರಲ್ಲಿ ಹೆಚ್ಚಿನವರ ಊರಿನಲ್ಲಿ ಆಗ ಮಳೆಗಾಲವೇ ಇರುವುದಿಲ್ಲ. ಜೂನ್ ಕೊನೆಯ ಹೊತ್ತಿಗೆ ಸ್ಟೀಮ್‌ನ ಬೇಸಿಗೆ ಮಾರಾಟವೂ ಸಾಮಾನ್ಯವಾಗಿ ಶುರುವಾಗುವುದರಿಂದ, ದೊಡ್ಡ ಆಟಗಳೆಲ್ಲ ಅರ್ಧ ಬೆಲೆಗೆ ಸಿಗುತ್ತಿರುವ ದಿನಗಳಲ್ಲಿ ಹೊಸಬರ ಆಟದ ಕಡೆ ಯಾರೂ ತಿರುಗಿ ನೋಡುವುದು ಕಷ್ಟ. ಅದೇ ಹೊತ್ತಿಗೆ ನಿಮ್ಮ ಮನೆಯಲ್ಲಿ ಕರೆಂಟು ಇರುವುದಿಲ್ಲ.

ಸ್ಟೀಮ್‌ನಲ್ಲಿ ಆಟದ ಬದುಕು ಅದರ ಅಂಗಡಿ ಪುಟ ತೆರೆದ ದಿನವೇ ಆರಂಭವಾಗುತ್ತದೆ. ಪ್ರತಿ ಆಟಕ್ಕೂ 100 ಡಾಲರ್ ಶುಲ್ಕ ಕಟ್ಟಬೇಕು. ಯಾವ ಆಟಕ್ಕೆ ಅವಕಾಶ ಕೊಡಬೇಕೆಂದು ಆಟಗಾರರೇ ಮತ ಹಾಕುತ್ತಿದ್ದ ಗ್ರೀನ್‌ಲೈಟ್ ಎಂಬ ಪದ್ಧತಿ 2017ರಲ್ಲಿ ನಿಂತ ಮೇಲೆ ಬಂದ ವ್ಯವಸ್ಥೆ ಇದು. ಆಟದ ಗಳಿಕೆ 1000 ಡಾಲರ್ ತಲುಪಿದರೆ ಆ ಶುಲ್ಕ ನಿಮಗೆ ಮರಳುತ್ತದೆ. ಶುಲ್ಕ ಕಟ್ಟಿದ ಮೇಲೆ ಕನಿಷ್ಠ 30 ದಿನ ಕಳೆಯದೆ ಬಿಡುಗಡೆ ಸಾಧ್ಯವಿಲ್ಲ, ಮತ್ತು ‘ಶೀಘ್ರದಲ್ಲಿ’ ಎಂದು ತೋರಿಸುವ ಪುಟ ಕನಿಷ್ಠ ಎರಡು ವಾರ ಜನರಿಗೆ ಕಾಣುತ್ತಿರಬೇಕು. ಇದು ನಿಯಮದ ಕನಿಷ್ಠ ಮಾತ್ರ. ನನ್ನನ್ನು ಕೇಳಿದರೆ ಪುಟವನ್ನು ಆರು ತಿಂಗಳು ಮೊದಲೇ ತೆರೆಯಿರಿ. ಪುಟ ನೋಡಿ ಇಷ್ಟಪಟ್ಟವರು ಆಟವನ್ನು ತಮ್ಮ ವಿಶ್‌ಲಿಸ್ಟ್‌ಗೆ, ಅಂದರೆ ಬೇಕೆನಿಸಿದ ಆಟಗಳ ಪಟ್ಟಿಗೆ, ಸೇರಿಸಿಕೊಳ್ಳುತ್ತಾರೆ. ಬಿಡುಗಡೆಯಾದಾಗಲೂ, ಮುಂದೆ ನೀವು ಶೇ 20 ಅಥವಾ ಅದಕ್ಕಿಂತ ಹೆಚ್ಚಿನ ರಿಯಾಯಿತಿ ಕೊಟ್ಟಾಗಲೂ, ಅವರಿಗೆ ಸ್ಟೀಮ್ ತಾನೇ ಮಿಂಚಂಚೆ ಕಳಿಸುತ್ತದೆ. ಪ್ರಚಾರಕ್ಕೆ ಹಣವಿಲ್ಲದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ನೆರವು ಬೇರೆ ಇಲ್ಲ. ಇಚ್‌ನಲ್ಲಿ ಈಗಾಗಲೇ ಆಡಿದವರಿಗೆ ಕಾಣುವಂತೆ ಆ ಪುಟದ ಮೇಲ್ಭಾಗದಲ್ಲೇ ಸ್ಟೀಮ್ ಪುಟದ ಕೊಂಡಿಯನ್ನು ಹಾಕಿ.

ಸ್ಟೀಮ್ ಪ್ರತಿ ವರ್ಷ ಫೆಬ್ರುವರಿ, ಜೂನ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ‘ನೆಕ್ಸ್ಟ್ ಫೆಸ್ಟ್’ ಎಂಬ ಡೆಮೊಗಳ (ಉಚಿತವಾಗಿ ಆಡಿ ನೋಡುವ ಮಾದರಿ ಭಾಗಗಳ) ಉತ್ಸವವನ್ನು ನಡೆಸುತ್ತದೆ. ಒಂದು ಆಟಕ್ಕೆ ಅದರಲ್ಲಿ ಒಮ್ಮೆ ಮಾತ್ರ ಅವಕಾಶ, ಅದೂ ಬಿಡುಗಡೆಗೆ ಮೊದಲು. ಇಚ್‌ನಲ್ಲಿಟ್ಟ ಮೊದಲ ಭಾಗವಿರುವುದರಿಂದ ನಿಮ್ಮ ಬಳಿ ಡೆಮೊ ಸಿದ್ಧವಾಗಿಯೇ ಇದೆ. ಮಳೆಗಾಲದಲ್ಲಿ ಪುಟ ತೆರೆದಿಟ್ಟು, ಕೊಯ್ಲು ಮುಗಿಯುವ ಹೊತ್ತಿನ ಫೆಬ್ರುವರಿ ಉತ್ಸವಕ್ಕೆ ಡೆಮೊ ಕೊಟ್ಟು, ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದರೆ ಮಳೆ ಶುರುವಾಗುವ ಮೊದಲು ತಿದ್ದುಪಡಿಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತದೆ. ಮಳೆಯ ಆಟಕ್ಕೆ ಮಳೆಗಾಲದ ಮೆರುಗು ಬೇಕೇಬೇಕೆಂದಿದ್ದರೆ, ಜೂನ್‌ನಲ್ಲಿ ಒಂದು ಸಣ್ಣ ಹೊಸ ಭಾಗ ಸೇರಿಸಿ ರಿಯಾಯಿತಿ ಕೊಡಬಹುದು.

ಇನ್ನು ತಿದ್ದುಪಡಿಗಳ ವಿಷಯ. ಸ್ಟೀಮ್‌ಗೆ ನೀವು ಏರಿಸುವ ಕಡತಗಳು ಸುಮಾರು ಒಂದು ಎಂಬಿಯ ತುಂಡುಗಳಾಗಿ ಒಡೆದು ಹೋಗುತ್ತವೆ, ಮತ್ತು ಮುಂದಿನ ಸಲ ಬದಲಾದ ತುಂಡುಗಳಷ್ಟೇ ಏರುತ್ತವೆ. ಆದ್ದರಿಂದ ಗೋಡೋ ಆಟದ ಸಾಮಗ್ರಿಯನ್ನೆಲ್ಲ ಕಟ್ಟಿಡುವ ಪಿಸಿಕೆ ಕಡತವನ್ನು ಎನ್‌ಕ್ರಿಪ್ಟ್ (ಗೂಢಲಿಪಿಗೆ ಬದಲಾವಣೆ) ಮಾಡಬೇಡಿ. ಮಾಡಿದರೆ ಒಂದು ಅಕ್ಷರ ತಿದ್ದಿದರೂ ಬಹುಪಾಲು ಕಡತ ಹೊಸದಾಗಿ ಕಂಡು, ನಿಧಾನಗತಿಯ ನೆಟ್‌ನಲ್ಲಿ ಮತ್ತೆ ಅಷ್ಟನ್ನೂ ಏರಿಸಬೇಕಾಗುತ್ತದೆ. ಇಚ್‌ನ ಬಟ್ಲರ್ ಎಂಬ ಸಲಕರಣೆಯೂ ಹೀಗೆಯೇ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ಜಾಲಪುಟದ ಮೂಲಕ ಜಿಪ್ ಏರಿಸುತ್ತಿದ್ದರೆ ಅದನ್ನು ಬಿಟ್ಟು ಬಟ್ಲರ್‌ಗೆ ಬನ್ನಿ.

ಹೊಸ ಬಿಲ್ಡನ್ನು (ಆಟದ ಸಿದ್ಧಗೊಂಡ ಆವೃತ್ತಿಯನ್ನು) ಎಂದಿಗೂ ನೇರವಾಗಿ ಡೀಫಾಲ್ಟ್ ಬ್ರಾಂಚ್‌ಗೆ, ಅಂದರೆ ಕೊಂಡವರೆಲ್ಲರಿಗೂ ತಲುಪುವ ಕವಲಿಗೆ, ಹಾಕಬಾರದು. ಪರೀಕ್ಷೆಗೆಂದೇ ಪಾಸ್‌ವರ್ಡ್ ಇರುವ ಬೀಟಾ ಬ್ರಾಂಚ್ ಒಂದನ್ನು ಮಾಡಿಕೊಂಡು, ಅಲ್ಲಿಗೆ ಏರಿಸಿ, ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಆಡಿ ನೋಡಿದ ಮೇಲೆ ಅದೇ ಬಿಲ್ಡನ್ನು ಡೀಫಾಲ್ಟ್ ಮಾಡಬೇಕು. ಹಳೆಯ ಬಿಲ್ಡ್‌ಗಳು ಪಟ್ಟಿಯಲ್ಲೇ ಉಳಿದಿರುವುದರಿಂದ, ತೊಂದರೆ ಕಂಡರೆ ಏನನ್ನೂ ಏರಿಸದೆ ಹಿಂದಿನದಕ್ಕೆ ಮರಳಬಹುದು. ನಮ್ಮ ಸೀಮೆಯವರು ವಿಶೇಷವಾಗಿ ನೆನಪಿಡಬೇಕಾದ ಒಂದು ಸಂಗತಿಯಿದೆ: ಬಿಡುಗಡೆಯಾದ ಆಟದ ಡೀಫಾಲ್ಟ್ ಬ್ರಾಂಚ್ ಬದಲಿಸುವಾಗ ಫೋನಿನ ಮೂಲಕ ದೃಢೀಕರಿಸಬೇಕೆಂಬ ನಿಯಮವನ್ನು ಸ್ಟೀಮ್ 2023ರ ಅಕ್ಟೋಬರ್‌ನಲ್ಲಿ ತಂದಿದೆ. ಡೆವಲಪರ್ ಖಾತೆಗಳನ್ನು ಕದ್ದು ಆಟದೊಳಗೆ ವೈರಸ್ ಸೇರಿಸಿದ ಪ್ರಕರಣಗಳು ನಡೆದದ್ದೇ ಅದಕ್ಕೆ ಕಾರಣ. ಮನೆಯಲ್ಲಿ ವೈಫೈ ಇದ್ದರೂ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ದೃಢೀಕರಣದ ಸಂಕೇತವಿರುವ ಎಸ್‌ಎಂಎಸ್ ಬರುವುದಿಲ್ಲ, ಗುಡ್ಡ ಹತ್ತಿ ನಿಲ್ಲಬೇಕಾಗುತ್ತದೆ. ತಂಗಿಯವರ ಖಾತೆಗೂ ಅನುಮತಿ ಕೊಟ್ಟು, ಅವರದು ಬೇರೆ ಕಂಪನಿಯ ಸಿಮ್ ಆಗಿರುವಂತೆ ನೋಡಿಕೊಳ್ಳಿ.

ಬಿಡುಗಡೆಯ ಗುಂಡಿಯನ್ನು ನೀವೇ ಒತ್ತಬೇಕು, ಅದು ತಾನಾಗಿ ಆಗುವುದಿಲ್ಲ. ಪುಟವನ್ನೂ ಬಿಲ್ಡನ್ನೂ ಸ್ಟೀಮ್‌ನವರು ಪರಿಶೀಲಿಸಲು ಕೆಲವು ಕೆಲಸದ ದಿನಗಳು ಹಿಡಿಯುವುದರಿಂದ ಕೊನೆಯ ವಾರಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ. ಆ ದಿನ ಶಿವಮೊಗ್ಗದಲ್ಲಿ ಬಂಧುಗಳ ಮನೆಯಿದ್ದರೆ ಅಲ್ಲಿಂದಲೇ ಮಾಡಿ.

ದುರ್ಗಿಗುಡಿ_ಲೆಕ್ಕ:

ನಾನು ಶಿವಮೊಗ್ಗದಲ್ಲಿ ಲೆಕ್ಕಪತ್ರದ ವೃತ್ತಿಯಲ್ಲಿರುವುದರಿಂದ ಹಣದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಭಾರತದಲ್ಲಿ ಸ್ಟೀಮ್ ತೋರಿಸುವ ರೂಪಾಯಿ ಬೆಲೆಯಲ್ಲಿ ಶೇ 18ರ ಜಿಎಸ್‌ಟಿ ಸೇರಿರುತ್ತದೆ. ಉದಾಹರಣೆಗೆ ನೀವು 236 ರೂಪಾಯಿ ಬೆಲೆಯಿಟ್ಟರೆ ಅದರಲ್ಲಿ 36 ರೂಪಾಯಿ ತೆರಿಗೆ. ಉಳಿದ 200ರಲ್ಲಿ ಸ್ಟೀಮ್‌ನ ಪಾಲು ಶೇ 30, ಅಂದರೆ 60 ರೂಪಾಯಿ. ನಿಮಗೆ ಉಳಿಯುವುದು 140. ಇಚ್‌ನಲ್ಲಿ ತಾಣದ ಪಾಲನ್ನು ಮಾರುವವರೇ ನಿರ್ಧರಿಸಬಹುದು, ನೀವೇನೂ ಬದಲಿಸದಿದ್ದರೆ ಅದು ಶೇ 10 ಇರುತ್ತದೆ. ಆದರೆ ಕೊಳ್ಳುವವರ ಸಂಖ್ಯೆ ಅಲ್ಲಿ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಅಮೆರಿಕದ ಕೊಳ್ಳುಗರಿಂದ ಬಂದ ಪಾಲಿನ ಮೇಲೆ ಅಲ್ಲಿಯ ತೆರಿಗೆ ಕಡಿತವಾಗುತ್ತದೆ. ಖಾತೆ ತೆರೆಯುವಾಗಲೇ ಬರುವ ತೆರಿಗೆ ಪ್ರಶ್ನಾವಳಿಯಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯನ್ನು ಕೊಟ್ಟು, ಎರಡೂ ದೇಶಗಳ ನಡುವಿನ ತೆರಿಗೆ ಒಪ್ಪಂದದ ಲಾಭ ಬೇಕೆಂದು ನಮೂದಿಸಿದರೆ ಶೇ 30ರ ಬದಲು ಶೇ 15 ಕಡಿತವಾಗುತ್ತದೆ. ಹಾಗೆ ಕಡಿತವಾದದ್ದನ್ನು ಇಲ್ಲಿಯ ಆದಾಯ ತೆರಿಗೆಯಲ್ಲಿ ಜಮೆಯಾಗಿ ಪಡೆಯಲು ಅವಕಾಶವಿದೆ, ಆದ್ದರಿಂದ ವರ್ಷದ ಕೊನೆಗೆ ಸ್ಟೀಮ್ ಕೊಡುವ ತೆರಿಗೆ ಪತ್ರವನ್ನು ಜೋಪಾನ ಮಾಡಿಡಿ.

ಗಳಿಕೆ 100 ಡಾಲರ್ ದಾಟಿದ ಮೇಲೆ ಆಯಾ ತಿಂಗಳ ಹಣ ಮುಂದಿನ ತಿಂಗಳ ಕೊನೆಯ ಹೊತ್ತಿಗೆ ಬ್ಯಾಂಕಿಗೆ ಬರುತ್ತದೆ. ಖಾತೆಯಲ್ಲಿರುವ ಹೆಸರೂ ಸ್ಟೀಮ್‌ನಲ್ಲಿ ಕೊಟ್ಟ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಮೊದಲೇ ಸರಿಪಡಿಸಿಕೊಳ್ಳಿ. ವಿದೇಶದಿಂದ ಹಣ ಬರಲು ಬೇಕಾದ ಸ್ವಿಫ್ಟ್ ಸಂಕೇತ ಸಣ್ಣ ಊರಿನ ಶಾಖೆಗಳಿಗೆ ಸ್ವಂತದ್ದಾಗಿ ಇರುವುದು ಅಪರೂಪ. ವಿದೇಶಿ ಹಣದ ವ್ಯವಹಾರ ನೋಡುವ ಶಾಖೆ ಯಾವುದೆಂದು ವಿಚಾರಿಸಿ ಅದರ ಸಂಕೇತವನ್ನು ಬಳಸಬೇಕು. ಮೊದಲ ಸಲ ಹಣ ಬಂದಾಗ ಅದು ಯಾವ ಬಾಬ್ತಿನದೆಂದು ಬ್ಯಾಂಕಿನವರು ಕೇಳುತ್ತಾರೆ. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯ ಬೀಳುವುದಿಲ್ಲ. ಅಣ್ಣ ತಂಗಿ ಇಬ್ಬರೂ ಪಾಲುದಾರರಾಗಿರುವುದರಿಂದ ಯಾರ ಹೆಸರಿನಲ್ಲಿ ಖಾತೆ, ಹಂಚಿಕೆ ಹೇಗೆ ಎಂಬುದನ್ನು ಈಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಒತ್ತಕ್ಷರ:

ಹೊಸನಗರದವನು, ಈಗ ಬೆಂಗಳೂರಿನಲ್ಲಿದ್ದೇನೆ. ಆಟಗಳಲ್ಲಿ ಕನ್ನಡ ಸರಿಯಾಗಿ ಕಾಣಬೇಕೆಂಬುದು ನನಗೆ ಬಹಳ ಕಾಲದ ಹಂಬಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನೀವು ಗೋಡೋ 4 ಆರಿಸಿಕೊಂಡದ್ದು ಒಳ್ಳೆಯದಾಯಿತು. ಒತ್ತಕ್ಷರ, ಅರ್ಕಾವತ್ತು, ಗುಣಿತಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಅದರೊಳಗೇ ಇದೆ. ಹಿಂದಿನ 3ನೇ ಆವೃತ್ತಿಯಲ್ಲಿ ಆ ಸೌಲಭ್ಯ ಇರಲಿಲ್ಲ.

ಆದರೂ ಒಂದು ಕಡೆ ಎಡವುವ ಸಾಧ್ಯತೆಯಿದೆ. ಸಂಭಾಷಣೆಯನ್ನು ಒಂದೊಂದೇ ಅಕ್ಷರವಾಗಿ ಮೂಡಿಸುವ ಪದ್ಧತಿ ನಿಮ್ಮ ಆಟದಲ್ಲಿದ್ದರೆ ‘ಕ್ಷೇತ್ರ’ ಎಂಬ ಪದವನ್ನು ಹಾಕಿ ನೋಡಿ. ಮೊದಲು ‘ಕ’, ನಂತರ ‘ಕ್’, ಆಮೇಲೆ ‘ಕ್ಷ’, ಅದರ ಮೇಲೆ ಏತ್ವ, ಹೀಗೆ ಅಕ್ಷರ ಕಣ್ಣೆದುರೇ ರೂಪ ಬದಲಿಸುತ್ತಾ ನಡುಗುತ್ತದೆ. ಯೂನಿಕೋಡ್‌ನ ಒಂದೊಂದು ಘಟಕವನ್ನು ಜೋಡಣೆಗೆ ಮೊದಲೇ ಎಣಿಸುವುದರಿಂದ ಹೀಗಾಗುತ್ತದೆ. ಗೋಡೋದಲ್ಲಿ ಪಠ್ಯ ತೋರಿಸುವ ರಿಚ್‌ಟೆಕ್ಸ್ಟ್ ಲೇಬಲ್ ಎಂಬ ಅಂಗದ ಗುಣಲಕ್ಷಣಗಳಲ್ಲಿ, ಕಾಣುವ ಅಕ್ಷರಗಳನ್ನು ಹೇಗೆ ಎಣಿಸಬೇಕೆಂಬ ಆಯ್ಕೆಯಿದೆ. ಅದನ್ನು ‘ಜೋಡಣೆಯ ನಂತರ’ ಎಂಬುದಕ್ಕೆ ಬದಲಿಸಿದರೆ ಇಡೀ ಅಕ್ಷರ ಒಮ್ಮೆಗೇ ಮೂಡುತ್ತದೆ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಬಳಸಬಹುದು. ಎರಡೂ ಮುಕ್ತ ಪರವಾನಗಿಯವು, ಮಾರುವ ಆಟದಲ್ಲಿಯೂ ಸೇರಿಸಬಹುದು, ಪರವಾನಗಿಯ ಪಠ್ಯವನ್ನು ಜೊತೆಗಿಟ್ಟರೆ ಸಾಕು. ಕನ್ನಡದ ಒತ್ತುಗಳು ಕೆಳಕ್ಕೆ ಇಳಿಯುವುದರಿಂದ ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಗಳಲ್ಲಿ ಅವುಗಳ ತುದಿ ಕತ್ತರಿಸಿ ಹೋಗುತ್ತದೆ. ಸಾಲಿನ ಅಂತರವನ್ನು ಕನ್ನಡಕ್ಕೆ ನಿಗದಿಪಡಿಸಿ, ಇಂಗ್ಲಿಷ್ ಅದರೊಳಗೆ ಕೂರಲಿ. ಅಂಗಡಿ ಪುಟದ ಐದು ಚಿತ್ರಗಳಲ್ಲಿ ಒಂದಾದರೂ ಕನ್ನಡ ಪಠ್ಯವಿರುವ ದೃಶ್ಯವಾಗಿರಲಿ. ಸ್ಟೀಮ್‌ನ ಸ್ವಂತ ತೆರೆಗಳು ಕನ್ನಡದಲ್ಲಿ ಇಲ್ಲದ ಕಾರಣ, ಆಟವೂ ಇಂಗ್ಲಿಷಿನದೇ ಎಂದು ನಮ್ಮವರು ಭಾವಿಸಿ ಮುಂದೆ ಹೋಗಿಬಿಡುತ್ತಾರೆ.

ಮಂಡಗದ್ದೆ_ಮಳೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಕ್ಷೇತ್ರ’ವನ್ನು ಹಾಕಿ ನೋಡಿದೆ, ಹೇಳಿದಂತೆಯೇ ನಡುಗುತ್ತಿತ್ತು, ಆಯ್ಕೆ ಬದಲಿಸಿದ ಮೇಲೆ ಸರಿಯಾಯಿತು. ಮಾರ್ಚ್ ತಿಂಗಳಿಗೆ ನಾನೂ ಒಪ್ಪಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಎರಡು ಗಂಟೆಯೊಳಗೆ ಆಡಿದವರು ಹಣ ವಾಪಸು ಕೇಳಬಹುದೆಂಬ ನಿಯಮದಿಂದ ನಮ್ಮಂಥ ಚಿಕ್ಕ ಆಟಕ್ಕೆ ಹಾನಿಯಾಗುತ್ತದೆಯೇ? ವಿಮರ್ಶೆ ಬರೆಯುತ್ತೇವೆ, ಕೆಲವು ಉಚಿತ ಕೀಗಳನ್ನು (ಹಣ ಕೊಡದೆ ಆಟ ಪಡೆಯುವ ಸಂಕೇತಗಳನ್ನು) ಕಳಿಸಿ ಎಂದು ಈಗಾಗಲೇ ಮಿಂಚಂಚೆಗಳು ಬರುತ್ತಿವೆ. ಅವರಿಗೆ ಕೊಡಬಹುದೇ?

ಸಾಗರ_ಸೀಮೆ:

ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳುತ್ತದೆ. ಮೂರು ಗಂಟೆಯ ಆಟಕ್ಕೆ ಅದು ದೊಡ್ಡ ಭಯವಲ್ಲ, ಹಿಡಿಸಿದವರು ಮುಗಿಸುತ್ತಾರೆ. ಮರಳಿಸುವವರು ಕಾರಣವನ್ನು ಬರೆದಿದ್ದರೆ ಅದು ನಿಮಗೆ ಕಾಣುತ್ತದೆ, ಅವನ್ನು ತಪ್ಪದೆ ಓದಿ. ಹಣ ವಾಪಸಾಗಬಾರದೆಂದು ಆಟವನ್ನು ಎಳೆದು ಉದ್ದ ಮಾಡುವ ಯೋಚನೆ ಮಾತ್ರ ಬೇಡ.

ಕೀಗಳನ್ನು ಕೇಳಿಕೊಂಡು ಬರುವವರಲ್ಲಿ ಬಹಳ ಮಂದಿ ಅವನ್ನು ಬೇರೆಡೆ ಮಾರುವವರು. ನಾಲ್ಕೈದು ಕೀ ಒಟ್ಟಿಗೆ ಕೇಳುವುದು, ಪ್ರಸಿದ್ಧ ಚಾನೆಲ್‌ನ ಹೆಸರಿಗೆ ಒಂದಕ್ಷರ ವ್ಯತ್ಯಾಸವಿರುವ ವಿಳಾಸದಿಂದ ಬರೆಯುವುದು ಅವರ ಗುರುತು. ಸ್ಟೀಮ್‌ನಲ್ಲಿ ಆಟಗಳನ್ನು ಶಿಫಾರಸು ಮಾಡುವ ಕ್ಯುರೇಟರ್‌ಗಳಿಗೆ ಅದರೊಳಗಿನ ಕ್ಯುರೇಟರ್ ಕನೆಕ್ಟ್ ಎಂಬ ವ್ಯವಸ್ಥೆಯ ಮೂಲಕವೇ ಆಟ ಕಳಿಸಿ, ಅಲ್ಲಿ ಕೀ ಯಾರ ಕೈಗೂ ಸಿಗುವುದಿಲ್ಲ. ಯೂಟ್ಯೂಬ್‌ನವರಾದರೆ, ಅವರ ಚಾನೆಲ್ ಪುಟದಲ್ಲೇ ಕೊಟ್ಟಿರುವ ವಿಳಾಸಕ್ಕೆ ನೀವೇ ಬರೆದು ಕೇಳಿ, ಉತ್ತರ ಬಂದರೆ ಒಂದೇ ಕೀ ಕೊಡಿ. ಕೀ ಮೂಲಕ ಪಡೆದವರ ವಿಮರ್ಶೆ ಆಟದ ಅಂಕಕ್ಕೆ ಸೇರುವುದೇ ಇಲ್ಲ. ಕೊಂಡವರಿಂದ ಹತ್ತು ವಿಮರ್ಶೆಗಳು ಬಂದ ಮೇಲಷ್ಟೇ ಪುಟದಲ್ಲಿ ಅಭಿಪ್ರಾಯದ ಸಾರ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಊರಿನ ಸ್ನೇಹಿತರು ಉಚಿತ ಕೀ ಕೇಳಿದರೆ, ಸಾಧ್ಯವಿದ್ದವರು ಕೊಂಡು ಆಡಿ ಅನಿಸಿದ್ದನ್ನು ಇದ್ದಂತೆ ಬರೆಯಲಿ ಎಂದು ಸಂಕೋಚವಿಲ್ಲದೆ ಹೇಳಿ. ಪುಟ ತೆರೆದ ಕೂಡಲೇ ಕೊಂಡಿಯನ್ನು ಇಲ್ಲಿ ಹಾಕಿ, ನಾವೂ ವಿಶ್‌ಲಿಸ್ಟ್‌ಗೆ ಸೇರಿಸಿಕೊಳ್ಳುತ್ತೇವೆ.