ಸಹಾಯ ಬೇಕು: ಡ್ರೀಪಿ ಮರಿಗೆ ಅಟ್ಯಾಕ್, ಸ್ಪೀಡ್ ಎರಡೂ ಒಟ್ಟಿಗೆ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪೋಕೆಮಾನ್ ಸ್ವೋರ್ಡ್ ಆಟದ ಬ್ರೀಡಿಂಗ್ (ಎರಡು ಪೋಕೆಮಾನ್ ಸೇರಿಸಿ ಮೊಟ್ಟೆಯಿಂದ ಮರಿ ಪಡೆಯೋದು) ಬಗ್ಗೆ ಕೇಳಬೇಕಿತ್ತು. ರೂಟ್ 5ರ ನರ್ಸರಿಯಲ್ಲಿ ಹೆಣ್ಣು ಡ್ರೀಪಿ, ಡಿಟ್ಟೋ (ಬಹುತೇಕ ಯಾವ ಪೋಕೆಮಾನ್ ಜೊತೆಗೂ ಜೋಡಿಯಾಗುವ ಪೋಕೆಮಾನ್) ಎರಡನ್ನೂ ಬಿಟ್ಟಿದ್ದೇನೆ. ಡ್ರೀಪಿಗೆ ತನ್ನ ನೇಚರ್ (ಸ್ವಭಾವ) ಮರಿಗೆ ದಾಟಿಸುವ ಎವರ್‌ಸ್ಟೋನ್, ಡಿಟ್ಟೋಗೆ ಹೆಚ್ಚು ಐವಿ ದಾಟಿಸುವ ಡೆಸ್ಟಿನಿ ನಾಟ್ ಎಂಬ ವಸ್ತು ಕೊಟ್ಟಿದ್ದೇನೆ; ಐವಿ ಅಂದರೆ ಅಟ್ಯಾಕ್, ಸ್ಪೀಡ್‌ನಂಥ ಆರು ಸಾಮರ್ಥ್ಯಗಳಿಗೆ ಹುಟ್ಟಿನಿಂದ ಬರುವ ಅಂಕ. ಜಾಲಿ ನೇಚರ್ ಪ್ರತಿ ಮರಿಗೂ ಸರಿಯಾಗಿ ಬರುತ್ತಿದೆ.

ತೊಂದರೆ ಇರೋದು ಐವಿಯಲ್ಲಿ. ಸ್ಪೀಡ್ 'ಬೆಸ್ಟ್' (ಅಂದರೆ ಗರಿಷ್ಠ ಐವಿ) ಇರುವುದು ತಾಯಿಗೆ ಮಾತ್ರ, ಅಟ್ಯಾಕ್ ಡಿಟ್ಟೋಗೆ ಮಾತ್ರ. ಡೆಸ್ಟಿನಿ ನಾಟ್ ಇರೋದರಿಂದ ಆರರಲ್ಲಿ ಐದು ಐವಿ ಅಪ್ಪ ಅಮ್ಮನಿಂದಲೇ ಬರುತ್ತವೆ ನಿಜ, ಆದರೆ ಯಾವುದು ಯಾರಿಂದ ಅನ್ನೋದು ನಮ್ಮ ಕೈಯಲ್ಲಿ ಇಲ್ವಲ್ಲ. 12 ಮೊಟ್ಟೆ ಆಯಿತು. ಸ್ಪೀಡ್ ಬಂದ ಮರಿಗೆ ಅಟ್ಯಾಕ್ ಇಲ್ಲ, ಅಟ್ಯಾಕ್ ಬಂದರೆ ಸ್ಪೀಡ್ ಇಲ್ಲ. ಮೊಟ್ಟೆ ಬೇಗ ಒಡೆಯಿಸುವ ಫ್ಲೇಮ್ ಬಾಡಿ ಗುಣ ಇರುವ ಕಾರ್ಕೋಲ್ ಎಂಬ ಪೋಕೆಮಾನ್ ಜೊತೆಗಿದ್ದರೂ ಡ್ರೀಪಿ ಮೊಟ್ಟೆ ಒಡೆಯೋಕೆ ತುಂಬಾ ಹೊತ್ತು ಸೈಕಲ್ ತುಳಿಯಬೇಕು.

ಒಂದು ಹೆಣ್ಣು ಮರಿಗೆ ಸ್ಪೀಡ್ ಸೇರಿ ನಾಲ್ಕು 'ಬೆಸ್ಟ್' ಇದೆ. ತಾಯಿಯ ಜಾಗಕ್ಕೆ ಅದನ್ನೇ ಹಾಕಲಾ? ಅಥವಾ ಮೊದಲು ರೇಡ್‌ನಲ್ಲಿ (ನಾಲ್ವರು ಸೇರಿ ದೈತ್ಯ ಪೋಕೆಮಾನ್ ಜೊತೆ ಕಾದಾಡುವ ಪಂದ್ಯ) ಒಳ್ಳೆ ಐವಿಯ ಡಿಟ್ಟೋ ಹಿಡಿಯೋದು ವಾಸಿನಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.