ಸಹಾಯ ಬೇಕು: ಸೈಕಲ್ ಚೈನ್ ಲಿಂಕ್ ಬಿಚ್ಚಲು ಯಾವ ಟೂಲ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ, ಕಾರವಾರದ ಕೋಡಿಬಾಗದಿಂದ. ನನ್ನದು 8 ಸ್ಪೀಡ್ ಗೇರ್ ಸೈಕಲ್, ದಿನಾ ಬೆಳಿಗ್ಗೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ ಬರುತ್ತೇನೆ. ಉಪ್ಪುಗಾಳಿ, ಮೇಲಿಂದ ಈ ಮಳೆ. ಚೈನ್ ತುಕ್ಕು ಹಿಡಿದು ಒಂದು ಲಿಂಕ್ ಬಿಗಿದುಕೊಂಡಿದೆ, ಪೆಡಲ್ ಹಿಂದಕ್ಕೆ ತಿರುಗಿಸಿದರೆ ಅದು ಗೇರ್ ಹತ್ತಿರ ಬಂದಾಗ ಟಕ್ ಅಂತ ಎದ್ದು ಕೂರುತ್ತದೆ.

ಇದರಲ್ಲಿ ಕ್ವಿಕ್ ಲಿಂಕ್ (ಚೈನಿನ ಎರಡು ತುದಿ ಜೋಡಿಸುವ, ಪಿನ್ ಹೊಡೆಯದೆ ಬಿಚ್ಚಬಹುದಾದ ಲಿಂಕ್) ಇದೆ, ಆದರೆ ಕೈಯಲ್ಲಿ ಬಿಚ್ಚಲು ಆಗಲಿಲ್ಲ. ಮನೆಯ ಕಟಿಂಗ್ ಪ್ಲೇಯರ್ ಜಾರಿ ಹೆಬ್ಬೆರಳಿನ ಚರ್ಮ ಕಿತ್ತುಹೋಯ್ತು, ಅಷ್ಟೇ. ರಿಪೇರಿಗೆ ಒಯ್ದರೆ ಅಲ್ಲಿ ಮೊಳೆ ಇಟ್ಟು ಸುತ್ತಿಗೆಯಲ್ಲಿ ಪಿನ್ ಹೊಡೆಯಲು ಹೊರಟರು, ಬೇಡ ಮಾರಾಯ ಅಂತ ಸೈಕಲ್ ತಳ್ಳಿಕೊಂಡು ಬಂದೆ.

ಚೈನ್ ಸವೆದು ಉದ್ದ ಆಗಿದೆಯಾ ಅಂತ ಸ್ಕೇಲ್ ಇಟ್ಟು ಅಳೆದೂ ನೋಡಿದೆ. ಅರ್ಧ ಇಂಚಿನ 24 ಲಿಂಕ್‌ಗೆ ಸರಿಯಾಗಿ 12 ಇಂಚು ಬರಬೇಕು, ಅಲ್ವಾ? 1/16 ಇಂಚು ಜಾಸ್ತಿ ಬಂದಿದೆ, ಅಂದರೆ ಸುಮಾರು ಅರ್ಧ ಪರ್ಸೆಂಟ್. 8 ಸ್ಪೀಡ್‌ಗೆ 0.75 ಪರ್ಸೆಂಟ್ ತನಕ ಓಡಿಸಬಹುದು ಅಂತ ಇನ್ನೂ ಬದಲಿಸಿಲ್ಲ.

ಈಗ ಕ್ವಿಕ್ ಲಿಂಕ್ ಪ್ಲೇಯರ್ ಒಂದೇ ಸಾಕಾ, ಚೈನ್ ಕಟರ್ (ಲಿಂಕ್‌ನ ಪಿನ್ ಹೊರಗೆ ತಳ್ಳುವ ಟೂಲ್) ಕೂಡ ಈಗಲೇ ತಗೊಳ್ಳಲಾ? ಹೊಸ ಚೈನ್ ಉದ್ದ ಕಡಿಮೆ ಮಾಡಲು ಅದು ಹೇಗೂ ಬೇಕು, ಆದರೆ ಅಗ್ಗದ ಕಟರ್‌ನಲ್ಲಿ ತಳ್ಳುವ ಪಿನ್ನೇ ಬಗ್ಗಿಹೋಗುತ್ತೆ ಅನ್ನೋ ಭಯ. ಕುಮಟಾ, ಶಿರಸಿ ಕಡೆಯವರು ಯಾರಾದರೂ ಬಳಸಿದ್ದರೆ ಹೇಳಿ. ಮಳೆಗಾಲಕ್ಕೆ ಯಾವ ಆಯಿಲ್ ಅಂತಲೂ ತಿಳಿಸಿ, ಅಜ್ಜಿ ತೆಂಗಿನೆಣ್ಣೆ ಹಿಡಿದುಕೊಂಡು ಕಾಯುತ್ತಿದ್ದಾರೆ.