ಮಾಡದ ಕರೆಗೆ ಬಂದ ಬಿಲ್ಲು: ಕಟ್ಟಿ ಹೋರಾಡುವುದೋ, ಕಟ್ಟದೆ ಹೋರಾಡುವುದೋ? ಅನುಭವ ಹಂಚಿಕೊಳ್ಳಿ

ಕೇಳಿದವರು: ಮಲೆನಾಡ ಮಗ

ಮಾನ್ಯರೇ, ನನ್ನ ತಂದೆಯವರಿಗೆ ಎಪ್ಪತ್ತೆಂಟು ವರ್ಷ. ಅವರ ಬಳಿಯಿರುವುದು ಗುಂಡಿ ಒತ್ತುವ ಸಾಧಾರಣ ಮೊಬೈಲು. ಪೋಸ್ಟ್‌ಪೇಯ್ಡ್ ಸಂಪರ್ಕ ನನ್ನ ಹೆಸರಿನಲ್ಲಿದೆ. ನಾಲ್ಕು ವರ್ಷಗಳಿಂದ ಈ ಯೋಜನೆಯ ಬಿಲ್ಲು ತಿಂಗಳಿಗೆ 470 ರೂಪಾಯಿ 82 ಪೈಸೆಯನ್ನು ದಾಟಿದ್ದಿಲ್ಲ. ಈ ತಿಂಗಳು 11,385 ರೂಪಾಯಿ 82 ಪೈಸೆ ಬಂದಿದೆ. ಒಂದೇ ರಾತ್ರಿ ವಿದೇಶದ ಸಂಖ್ಯೆಗೆ ಮೂರು ಕರೆಗಳು, ಒಟ್ಟು 185 ನಿಮಿಷ, ನಿಮಿಷಕ್ಕೆ 50 ರೂಪಾಯಿಯಂತೆ 9,250, ಅದರ ಮೇಲೆ ಶೇಕಡ 18 ತೆರಿಗೆ. ತಂದೆಯವರು ರಾತ್ರಿ ಒಂಬತ್ತಕ್ಕೆ ಮಲಗುವವರು. ಕಂಪನಿಯ ದೂರು ಸಂಖ್ಯೆಯಾದ 198ಕ್ಕೆ ದೂರು ಕೊಟ್ಟೆ. ನಾಲ್ಕನೆಯ ದಿನ ‘ಮೀಟರಿಂಗ್ (ಕರೆಯ ಅಳತೆ) ಸರಿಯಾಗಿದೆ’ ಎಂಬ ಒಂದು ಸಾಲಿನ ಸಂದೇಶ ಕಳುಹಿಸಿ ದೂರನ್ನು ಮುಚ್ಚಿದರು. ಹಣ ಕಟ್ಟಲು ಇನ್ನು ಹನ್ನೊಂದು ದಿನಗಳಿವೆ. ಮೊದಲು ಕಟ್ಟಿ ಆಮೇಲೆ ಹೋರಾಡಬೇಕೇ, ಕಟ್ಟದೆ ಹೋರಾಡಬೇಕೇ? ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಮೀಟರ್ ರೂಮ್

ಮೂವತ್ತೊಂದು ವರ್ಷ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ದುಡಿದು ನಿವೃತ್ತನಾದವನು ನಾನು. ಮೀಟರು ಸುಳ್ಳು ಹೇಳಿತೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಸ್ವಲ್ಪ ನೋವಾಗುತ್ತದೆ. ಸ್ಟ್ರೌಜರ್ ಎಂಬ ಹಳೆಯ ಯಾಂತ್ರಿಕ ವಿನಿಮಯ ಕೇಂದ್ರಗಳ ಕಾಲದಲ್ಲಿ ಪ್ರತಿ ಚಂದಾದಾರರಿಗೂ ಒಂದೊಂದು ಪುಟ್ಟ ಯಾಂತ್ರಿಕ ಮೀಟರು ಇರುತ್ತಿತ್ತು. ಆ ಕಡೆಯವರು ಫೋನ್ ಎತ್ತಿದ ಕ್ಷಣ ಪಲ್ಸ್, ಅಂದರೆ ಎಣಿಕೆಯ ವಿದ್ಯುತ್ ಮಿಡಿತ, ಬಂದು ಅಂಕಿ ಒಂದು ಹಲ್ಲು ಮುಂದೆ ಸರಿಯುತ್ತಿತ್ತು. ಎಸ್‌ಟಿಡಿಯಾದರೆ ಊರು ದೂರವಾದಷ್ಟೂ ಪಲ್ಸುಗಳು ಬೇಗ ಬೇಗ ಬರುತ್ತಿದ್ದವು. ಅವಧಿ ಮುಗಿದಾಗ ಮೀಟರುಗಳ ಫೋಟೊ ತೆಗೆದು, ಫಿಲ್ಮ್ ನೋಡಿ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆವು. ನನ್ನ ಕಣ್ಣೆದುರು ಕೆಟ್ಟ ಮೀಟರುಗಳೆಲ್ಲ ನಿಂತುಹೋದವೇ ಹೊರತು ಹೆಚ್ಚಾಗಿ ಓಡಿದ್ದಿಲ್ಲ, ನಷ್ಟವಾದದ್ದು ಇಲಾಖೆಗೆ.

1992ರಲ್ಲಿ ಒಬ್ಬ ವೈದ್ಯರಿಗೆ ಎರಡು ತಿಂಗಳಿಗೆ 14,200 ರೂಪಾಯಿ ಬಿಲ್ಲು ಹೋಯಿತು. ಅವರು ಕೌಂಟರಿನ ಮುಂದೆ ನಿಂತು ನನ್ನನ್ನು ಕಳ್ಳನೆಂದರು. ನಾನು ಅವರ ಲೈನನ್ನು ವೀಕ್ಷಣೆಗೆ ಹಾಕಿ ನಾಲ್ಕು ರಾತ್ರಿ ನಿದ್ದೆಗೆಟ್ಟು ಕುಳಿತೆ. ಓವರ್‌ಟೈಮ್ ಕೂಡ ಮಂಜೂರಾಗಲಿಲ್ಲ. ಐದನೆಯ ದಿನ ಮನೆಗಳಿಗೆ ತಂತಿ ಹಂಚುವ ಕಂಬದ ಡಿಪಿ ಬಾಕ್ಸ್ ತೆರೆದು ನೋಡಿದರೆ, ಪಕ್ಕದ ಅಂಗಡಿಯವನು ಅವರ ಲೈನಿನ ಜೋಡಿ ತಂತಿಗೆ ತನ್ನ ತಂತಿ ಕಟ್ಟಿಕೊಂಡು ರಾತ್ರಿಯೆಲ್ಲ ಮಾತನಾಡುತ್ತಿದ್ದ. ಮೀಟರು ಸರಿಯಾಗಿಯೇ ಎಣಿಸಿತ್ತು, ಬೇರೆಯವರ ಮಾತನ್ನು ಎಣಿಸಿತ್ತು, ಅಷ್ಟೆ. ವೈದ್ಯರು ಕ್ಷಮೆ ಕೇಳಲಿಲ್ಲ. ಪ್ರಶ್ನೆ ಕೇಳಿದವರೇ, ತಮ್ಮ ಮನೆಗೆ ಆ ರಾತ್ರಿ ಯಾರು ಬಂದಿದ್ದರೆಂದು ಮೊದಲು ವಿಚಾರಿಸಿ.

ಹಳೇ ಬೂತ್

ಮೀಟರು ಓಡುವುದಿಲ್ಲವೆಂದು ಇಷ್ಟು ನಿಶ್ಚಿಂತೆಯಿಂದ ಹೇಳುವವರನ್ನು ಇಪ್ಪತ್ತೊಂಬತ್ತು ವರ್ಷಗಳ ಬಳಿಕವೂ ಕಾಣುತ್ತಿದ್ದೇನಲ್ಲ! 1996ರಲ್ಲಿ ಹೆದ್ದಾರಿಯ ಪಕ್ಕ ಮೂರು ಲೈನುಗಳ ಎಸ್‌ಟಿಡಿ ಬೂತ್ ಇಟ್ಟಿದ್ದೆ. ವಿನಿಮಯ ಕೇಂದ್ರವು ಲೈನಿನ ಮೇಲೆ 16 ಕಿಲೋಹರ್ಟ್ಸ್ ಪಲ್ಸ್ ಕೊಡುತ್ತಿದ್ದ ಕಡೆ ಬೂತಿನ ಯಂತ್ರವೂ ಅದೇ ಪಲ್ಸನ್ನು ಎಣಿಸುತ್ತಿತ್ತು. ನಮ್ಮಲ್ಲಿ ಆ ಸೌಲಭ್ಯ ಇರಲಿಲ್ಲ. ಕರೆ ಎತ್ತಿದಾಗ ಲೈನಿನ ಧ್ರುವ ಬದಲಾಗುವುದನ್ನು ಹಿಡಿದು, ತನ್ನದೇ ಗಡಿಯಾರ ಮತ್ತು ದರದ ಚಿಪ್ ನೋಡಿಕೊಂಡು ಯಂತ್ರ ಲೆಕ್ಕ ಹಾಕುತ್ತಿತ್ತು. ಒಮ್ಮೆ ಎರಡು ತಿಂಗಳ ಬಿಲ್ಲಿನಲ್ಲಿ ಹೀಗಾಯಿತು: ನನ್ನ ಯಂತ್ರದ ಲೆಕ್ಕ 21,306 ಯೂನಿಟ್ (ಒಂದು ಪಲ್ಸಿಗೆ ಒಂದು ಯೂನಿಟ್), ಬಿಲ್ಲಿನಲ್ಲಿ ಬಂದದ್ದು 25,046. ವ್ಯತ್ಯಾಸ 3,740 ಯೂನಿಟ್. ಅಂದರೆ ಗಿರಾಕಿಗಳಿಂದ ಪಡೆಯದ ಸುಮಾರು 4,600 ರೂಪಾಯಿಗಳನ್ನು ನನ್ನ ಕೈಯಿಂದ ಕಟ್ಟಬೇಕಾಯಿತು. ಆ ತಿಂಗಳ ಅಂಗಡಿ ಬಾಡಿಗೆ 900, ಹುಡುಗನ ಸಂಬಳ 700. ಎರಡನ್ನೂ ಸಾಲ ತಂದು ಕೊಟ್ಟೆ.

ಸಾಕ್ಷಿಗೆಂದು ಅರವತ್ತು ದಿನಗಳ ಮುದ್ರಿತ ಸುರುಳಿಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಕಚೇರಿಗೆ ಒಯ್ದೆ. ಪರಿಶೀಲನೆಗೆ ಬೇಕೆಂದು ಇಟ್ಟುಕೊಂಡರು. ಇಲಾಖೆಯೇ ದೂರು ಕೇಳಲು ನಡೆಸುತ್ತಿದ್ದ ಟೆಲಿಫೋನ್ ಅದಾಲತ್ತಿನಲ್ಲಿ ನನ್ನ ಸರದಿ ಬಂದಾಗ ಸಾಹೇಬರು ಸಾಕ್ಷಿಯೇನಿದೆ ಎಂದು ಕೇಳಿದರು.

ಮೀಟರ್ ರೂಮ್

ತಮ್ಮ ಕಥೆಯಲ್ಲೇ ಉತ್ತರವಿದೆ. ಯಂತ್ರದ ಗಡಿಯಾರ ಏಳೆಂಟು ನಿಮಿಷ ಮುಂದಿದ್ದರೆ ಸಾಕು, ರಾತ್ರಿಯ ಕಾಲುದರ ಶುರುವಾಗುವ ಮೊದಲೇ ಅದು ಗಿರಾಕಿಗೆ ಕಾಲುದರ ಹಾಕುತ್ತಿತ್ತು, ನಾವು ಮಾತ್ರ ಆ ಹೊತ್ತಿನ ಹೆಚ್ಚಿನ ದರವನ್ನೇ ಎಣಿಸುತ್ತಿದ್ದೆವು. ಅಗ್ಗದ ಹೊತ್ತಿಗೆಂದೇ ಬೂತಿನ ಮುಂದೆ ಜನ ಕಾಯುತ್ತಿದ್ದರು. ಮೂರು ಲೈನುಗಳಲ್ಲಿ ಅರವತ್ತು ರಾತ್ರಿ ಹೀಗಾದರೆ ತಮ್ಮ 3,740 ಯೂನಿಟ್ ತುಂಬಲು ಕಷ್ಟವೇ?

ಹಳೇ ಬೂತ್

ಗಡಿಯಾರವನ್ನು ದಿನವೂ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಸರಿಪಡಿಸುತ್ತಿದ್ದೆ, ಸ್ವಾಮಿ. ಕಿರಾಣಿ ಅಂಗಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಮುದ್ರೆ ಒತ್ತಿ ಹೋಗುತ್ತಿದ್ದರು. ತಮ್ಮ ಮೀಟರ್ ರೂಮಿಗೆ ಮುದ್ರೆ ಒತ್ತಲು ಯಾರು ಬರುತ್ತಿದ್ದರು? ಮಾರುವವರೂ ತಾವೇ, ಅಳೆಯುವವರೂ ತಾವೇ, ದೂರು ಕೇಳುವವರೂ ತಾವೇ.

ದರಪಟ್ಟಿ

ಆ ಪ್ರಶ್ನೆಗೆ ಈಗ ಉತ್ತರವಿದೆ. 1997ರಲ್ಲಿ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಬಂತು. 2006ರಲ್ಲಿ ಅದು ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಗೆಂದೇ ಪ್ರತ್ಯೇಕ ನೀತಿಸಂಹಿತೆಯನ್ನು ನಿಯಮವಾಗಿ ಹೊರಡಿಸಿತು, 2023ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ತಂದಿತು. ಗ್ರಾಹಕರಿಗೆ ದರ ತಿಳಿಸುವುದರಿಂದ ಹಿಡಿದು ಕರೆಯ ಅಳತೆ, ಪ್ರಕಟಿತ ದರದಂತೆಯೇ ಲೆಕ್ಕ, ದೂರಿನ ವಿಲೇವಾರಿಯವರೆಗೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತದೆ. ಲೆಕ್ಕಪರಿಶೋಧಕರು ಈ ವ್ಯವಸ್ಥೆಯನ್ನು ಪರೀಕ್ಷಿಸಿ ವರದಿ ಕೊಡಬೇಕು. ಹೆಚ್ಚು ವಸೂಲಿ ಕಂಡುಬಂದರೆ ಹಣ ಹಿಂದಿರುಗಿಸಬೇಕು; ಹಿಂದಿರುಗಿಸಲು ಗ್ರಾಹಕರೇ ಸಿಗದಿದ್ದರೆ ಆ ಮೊತ್ತ ದೂರಸಂಪರ್ಕ ಗ್ರಾಹಕರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ.

ನಾನು ಹನ್ನೆರಡು ವರ್ಷ ಬಿಲ್ಲಿಂಗ್ ವಿಭಾಗದಲ್ಲಿದ್ದವನು. ಈಗ ಮೀಟರೆಂಬ ವಸ್ತುವೇ ಇಲ್ಲ. ಕರೆಗಳನ್ನು ಜೋಡಿಸುವ ಯಂತ್ರವಾದ ಸ್ವಿಚ್ಚು ಪ್ರತಿ ಕರೆಗೆ ಒಂದು ದಾಖಲೆ ಬರೆಯುತ್ತದೆ. ಅದಕ್ಕೆ ಸಿಡಿಆರ್ ಎನ್ನುತ್ತೇವೆ. ಅದು ಮಧ್ಯದ ಒಂದು ತಂತ್ರಾಂಶದಲ್ಲಿ ಸೋಸಿ, ದರ ಹಾಕುವ ತಂತ್ರಾಂಶಕ್ಕೆ ಹೋಗುತ್ತದೆ. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಅಳತೆಯಲ್ಲಿ ಹುಟ್ಟಿದವಲ್ಲ, ದರದ ಕೋಷ್ಟಕದಲ್ಲಿ ಹುಟ್ಟಿದವು. ಒಮ್ಮೆ ಒಂದು ದೇಶದ ಸಂಕೇತಕ್ಕೆ ನಾವು ತಪ್ಪು ಸಾಲಿನ ದರವನ್ನು ಹಾಕಿ, ಹನ್ನೊಂದು ದಿನಗಳ ಕಾಲ ಯಾರಿಗೂ ಗೊತ್ತಾಗಲಿಲ್ಲ. ಅದನ್ನು ಕಂಡುಹಿಡಿದವನು ನಾನೇ. ಬಡ್ತಿ ಮಾತ್ರ ಬೇರೆಯವರಿಗೆ ಸಿಕ್ಕಿತು.

7ಬಿ ಸಂತ್ರಸ್ತ

ಆ ಲೆಕ್ಕಪರಿಶೋಧಕರಿಗೆ ಶುಲ್ಕ ಕೊಡುವವರು ಯಾರೆಂಬುದನ್ನೂ ಬರೆಯಬೇಕಿತ್ತು. ಟ್ರಾಯ್ ಪಟ್ಟಿಯಲ್ಲಿರುವವರನ್ನು ಆರಿಸಿ ನೇಮಿಸಿಕೊಳ್ಳುವುದೂ ಹಣ ಕೊಡುವುದೂ ಕಂಪನಿಯೇ. ಅಲ್ಲದೆ ಅವರು ನೋಡುವುದು ವ್ಯವಸ್ಥೆಯನ್ನು. ನನ್ನ ಒಂದು ಬಿಲ್ಲು ಯಾವ ಮಾದರಿಯೊಳಗೂ ಬೀಳುವುದಿಲ್ಲ. ಟ್ರಾಯ್‌ಗೆ ಬರೆದರೆ ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರ ತನಗಿಲ್ಲವೆಂಬ ಉತ್ತರ ಬರುತ್ತದೆ.

ನನ್ನದು ಸ್ಥಿರ ದೂರವಾಣಿ; 2008ರಲ್ಲಿ 18,460 ರೂಪಾಯಿ ಬಿಲ್ಲು. ಗ್ರಾಹಕರ ವೇದಿಕೆಯಲ್ಲಿ ದಾವೆ ಹೂಡಿದೆ. ವಕೀಲರಿಗೆ ಮುಂಗಡ 5,000, ಆಮೇಲೆ 4,000. ಏಳನೆಯ ವಿಚಾರಣೆಯ ಹೊತ್ತಿಗೆ ಎಲ್ಲವೂ ನನ್ನ ಪರವಾಗಿದೆ ಎನ್ನಿಸುತ್ತಿರುವಾಗಲೇ, 2009ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ, ಟೆಲಿಗ್ರಾಫ್ ಕಾಯಿದೆಯ 7ಬಿ ಕಲಮಿನಡಿ ಮಧ್ಯಸ್ಥಿಕೆಯ ದಾರಿ ಇರುವುದರಿಂದ ದೂರವಾಣಿ ಬಿಲ್ಲಿನ ತಕರಾರು ಗ್ರಾಹಕರ ವೇದಿಕೆಗೆ ಬರುವಂತಿಲ್ಲವೆಂದು ಹೇಳಿತು. 2010ರ ಜನವರಿಯಲ್ಲಿ ನನ್ನ ದಾವೆ ಐದು ನಿಮಿಷದಲ್ಲಿ ವಜಾ. ಮಧ್ಯಸ್ಥರನ್ನು ನೇಮಿಸಬೇಕಾದದ್ದು ಕೇಂದ್ರ ಸರ್ಕಾರ. ನೋಂದಾಯಿತ ಅಂಚೆಯಲ್ಲಿ ನಾಲ್ಕು ಅರ್ಜಿ ಹಾಕಿದೆ, ಸ್ವೀಕೃತಿ ಚೀಟಿಗಳು ಇಂದಿಗೂ ಇವೆ, ಮಧ್ಯಸ್ಥರು ಮಾತ್ರ ಬರಲಿಲ್ಲ. ಹಣ ಕಟ್ಟದೆ ಹೋರಾಡಿದ್ದರಿಂದ ಸಂಪರ್ಕವನ್ನೂ ಕಡಿದರು. ನನ್ನ ಮಗಳ ಹೆರಿಗೆಯ ಸುದ್ದಿ ಪಕ್ಕದ ಮನೆಯ ಫೋನಿಗೆ ಬಂತು.

ಕಡತ ಕಟ್ಟಿದವಳು

ಸಾರ್, ತಮ್ಮ ನೋವು ಅರ್ಥವಾಗುತ್ತದೆ, ಆದರೆ ಕೇಳಿದವರನ್ನು ಹೆದರಿಸಬೇಡಿ. 2022ರ ಫೆಬ್ರುವರಿ 16ರಂದು ಅದೇ ಸುಪ್ರೀಂ ಕೋರ್ಟು, ಗ್ರಾಹಕ ಸಂರಕ್ಷಣಾ ಕಾಯಿದೆಯ ಪರಿಹಾರವು 7ಬಿಯ ಜೊತೆಗೆ ಇರುವ ಹೆಚ್ಚುವರಿ ದಾರಿಯೆಂದು ಸ್ಪಷ್ಟಪಡಿಸಿದೆ. ಆ ಪ್ರಕರಣವೂ ಇಂಥದ್ದೇ: ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿದ್ದವರಿಗೆ ಒಂದು ತಿಂಗಳು 24,609 ರೂಪಾಯಿ 51 ಪೈಸೆ ಬಂದಿತ್ತು.

ನನ್ನ ತಕರಾರಿನ ಮೊತ್ತ 7,214 ರೂಪಾಯಿ. ನಾನು ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎಂದು ಲಿಖಿತವಾಗಿ ತಿಳಿಸಿ ಪೂರ್ತಿ ಕಟ್ಟಿಬಿಟ್ಟೆ, ಏಕೆಂದರೆ ಬ್ಯಾಂಕಿನ ಒಟಿಪಿಗಳೆಲ್ಲ ಅದೇ ಸಂಖ್ಯೆಗೆ ಬರುತ್ತಿದ್ದವು. ಮೊದಲು ದೂರು, ಅದು ದಾಖಲಾದ ಡಾಕೆಟ್ ಸಂಖ್ಯೆ. ಆಮೇಲೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ. 2012ರ ನಿಯಮದಂತೆ ಮೇಲ್ಮನವಿಯನ್ನು 39 ದಿನಗಳಲ್ಲಿ ತೀರ್ಮಾನಿಸಬೇಕು. ನನ್ನದನ್ನು ಮೂವತ್ತೆಂಟನೆಯ ದಿನ ತಿರಸ್ಕರಿಸಿದರು. ನಂತರ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂಬತ್ತು ವಿಚಾರಣೆ, ಪ್ರತಿ ಸಲ ಬಸ್ಸಿಗೆ ಹೋಗಿಬರಲು 186 ರೂಪಾಯಿಯಂತೆ 1,674. ಜೆರಾಕ್ಸ್ ಮತ್ತು ಅಂಚೆ 640. ರಜೆಯ ಸಂಬಳ ಬೇರೆ. ಹದಿನಾಲ್ಕು ತಿಂಗಳ ಬಳಿಕ 7,214 ರೂಪಾಯಿ, ಬಡ್ಡಿ ಮತ್ತು ಖರ್ಚಿಗೆಂದು 5,000 ಸಿಕ್ಕಿತು. ಅಚ್ಚುಕಟ್ಟಾಗಿ ಕಡತ ಕಟ್ಟಿದ್ದರೆ ತಾವೂ ಗೆಲ್ಲುತ್ತಿದ್ದಿರಿ.

7ಬಿ ಸಂತ್ರಸ್ತ

ಏನಮ್ಮಾ, 2010ರಲ್ಲಿ ವಜಾ ಆದವನಿಗೆ 2022ರ ತೀರ್ಪು ತೋರಿಸಿ ‘ಕಡತ ಕಟ್ಟಬೇಕಿತ್ತು’ ಎನ್ನುತ್ತೀರಾ? ನನ್ನ ಕಡತ 212 ಪುಟ. ಬಾಗಿಲು ಮುಚ್ಚಿದಾಗ ಹೊರಗೆ ನಿಂತವನಿಗೂ ತೆರೆದಾಗ ಒಳಹೊಕ್ಕವರಿಗೂ ವ್ಯತ್ಯಾಸವಿದೆ.

ಕಡತ ಕಟ್ಟಿದವಳು

ಆ ಒಂದು ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದದ್ದನ್ನಲ್ಲ.

ಮಧ್ಯೆ ಕಡಿದ ಕರೆ

ಎಲ್ಲರೂ ಮಾಡದ ಕರೆಯ ಬಗ್ಗೆಯೇ ಮಾತನಾಡುತ್ತೀರಿ. ಮಾಡಿ ಮಧ್ಯದಲ್ಲಿ ಕಡಿದುಹೋದ ಕರೆಗೆ ಕೊಟ್ಟ ಹಣದ ಲೆಕ್ಕ ಕೇಳುವವರಿಲ್ಲ. ನಿಮಿಷದ ಪಲ್ಸಿನ ಯೋಜನೆಯಲ್ಲಿ ಐದನೆಯ ಸೆಕೆಂಡಿಗೆ ಕಡಿದರೂ ಪೂರ್ತಿ ನಿಮಿಷದ ದರ. 2009ರಲ್ಲಿ ಸೆಕೆಂಡಿನ ಲೆಕ್ಕದ ಯೋಜನೆಗಳು ಹರಡುವವರೆಗೆ ನಾನು ತಿಂಗಳಿಗೆ ಅಂಥ ಅರವತ್ತು ಎಪ್ಪತ್ತು ಕರೆಗಳನ್ನು ಡೈರಿಯಲ್ಲಿ ಗುರುತು ಹಾಕಿಟ್ಟಿದ್ದೇನೆ. ಕಡಿದ ಕರೆಗೆ ಒಂದು ರೂಪಾಯಿ, ದಿನಕ್ಕೆ ಮೂರರವರೆಗೆ ಪರಿಹಾರ ಕೊಡಬೇಕೆಂದು ಟ್ರಾಯ್ 2015ರಲ್ಲಿ ನಿಯಮ ಮಾಡಿತು; 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ನನ್ನ ಡೈರಿಗಳು ಅಟ್ಟದ ಮೇಲಿವೆ.

ದರಪಟ್ಟಿ

ಅದು ಜಾಲದ ಗುಣಮಟ್ಟದ ವಿಷಯ, ಬಿಲ್ಲಿನ ನಿಖರತೆಯದ್ದಲ್ಲ. ಕಡಿದ ಕರೆಯನ್ನೂ ಐದು ಸೆಕೆಂಡೆಂದು ಸರಿಯಾಗಿಯೇ ಅಳೆದಿರುತ್ತಾರೆ.

ಮಧ್ಯೆ ಕಡಿದ ಕರೆ

ಅರ್ಧ ಸೇರು ಅಳೆದುಕೊಟ್ಟು ಪೂರ್ತಿ ಸೇರಿನ ದುಡ್ಡು ತೆಗೆದುಕೊಂಡವನು ‘ಅಳತೆ ಸರಿಯಿದೆ’ ಎಂದಂತಾಯಿತು ತಮ್ಮ ಮಾತು. ಹನ್ನೆರಡು ವರ್ಷ ಆ ವಿಭಾಗದಲ್ಲಿದ್ದ ಗುರುತು ಮಾತಿನಲ್ಲೇ ಕಾಣುತ್ತದೆ.

ಮೀಟರ್ ರೂಮ್

ಕೇಳಿದವರು ಎಲ್ಲಿ ಹೋದರು? ಅವರ ತಂದೆಯವರು ಗೊತ್ತಿಲ್ಲದ ವಿದೇಶಿ ಸಂಖ್ಯೆಯ ಮಿಸ್ಡ್ ಕಾಲ್‌ಗೆ ತಿರುಗಿ ಕರೆ ಮಾಡಿರಬಹುದು. ನನ್ನ ಸ್ವಂತ ಭಾವಮೈದುನ ಹಾಗೆ 1,140 ರೂಪಾಯಿ ಕಳೆದುಕೊಂಡು, ಆರು ತಿಂಗಳು ಕಂಪನಿಯನ್ನು ಬೈದುಕೊಂಡು ತಿರುಗಿದ.

ಮಲೆನಾಡ ಮಗ

ಎಲ್ಲರ ಉತ್ತರಗಳನ್ನೂ ಓದಿದೆ. ಊರಿಗೆ ಹೋಗಿದ್ದೆ, ಆ ರಾತ್ರಿ ಮನೆಗೆ ಯಾರೂ ಬಂದಿರಲಿಲ್ಲ, ಮೊಬೈಲಿನ ಪಟ್ಟಿಯಲ್ಲಿ ಮಿಸ್ಡ್ ಕಾಲ್ ಕೂಡ ಇಲ್ಲ. ಬಿಲ್ಲಿನ ವಿವರ ಪುಟವನ್ನು ಈಗ ಸಾಲು ಸಾಲಾಗಿ ನೋಡಿದೆ. ಮೊದಲ ಕರೆ ರಾತ್ರಿ 11 ಗಂಟೆ 42 ನಿಮಿಷಕ್ಕೆ ಶುರುವಾಗಿ 131 ನಿಮಿಷ ನಡೆದಿದೆ, ಅಂದರೆ 1 ಗಂಟೆ 53 ನಿಮಿಷಕ್ಕೆ ಮುಗಿಯಬೇಕು. ಎರಡನೆಯದು 12 ಗಂಟೆ 26 ನಿಮಿಷಕ್ಕೆ ಶುರುವಾಗಿ 48 ನಿಮಿಷ ನಡೆದಿದೆ. ಮೊದಲನೆಯದು ಇನ್ನೂ ನಡೆಯುತ್ತಿರುವಾಗಲೇ ಆರಂಭವಾಗಿ, ಅದು ಮುಗಿಯುವ ಮೊದಲೇ ಮುಗಿದಿದೆ. ಮೂರನೆಯದು 1 ಗಂಟೆ 58 ನಿಮಿಷಕ್ಕೆ, ಆರು ನಿಮಿಷ. ಒಂದೇ ಮೊಬೈಲಿನಿಂದ ಏಕಕಾಲಕ್ಕೆ ಎರಡು ಕರೆ ಹೋಗಲು ಸಾಧ್ಯವೇ?

ದರಪಟ್ಟಿ

ಕಾನ್ಫರೆನ್ಸ್ ಕರೆಯಾದರೆ ಸಾಧ್ಯ. ಕರೆಯನ್ನು ಬೇರೆ ಸಂಖ್ಯೆಗೆ ತಿರುಗಿಸಿದ್ದರೆ ಆ ಭಾಗದ ಶುಲ್ಕವೂ ತಿರುಗಿಸಿದವರ ಲೆಕ್ಕಕ್ಕೆ ಬೀಳುತ್ತದೆ. ಈ ಎರಡೂ ಆ ರಾತ್ರಿ ಚಾಲ್ತಿಯಲ್ಲಿ ಇರಲಿಲ್ಲವೆಂದಾದರೆ, ಒಂದರ ಮೇಲೊಂದು ಬಿದ್ದ ಸಿಡಿಆರ್‌ಗಳನ್ನು ಅವರ ವ್ಯವಸ್ಥೆಯೇ ಹಿಡಿದು ಪಕ್ಕಕ್ಕೆ ಇಡಬೇಕಿತ್ತು. ಮೇಲ್ಮನವಿಯಲ್ಲಿ ಇದೊಂದನ್ನೇ ಕೇಳಿ: ಆ ಎರಡು ಕರೆಗಳ ಮೂಲ ದಾಖಲೆ, ಮೊಬೈಲು ಆಗ ಯಾವ ಗೋಪುರದಲ್ಲಿತ್ತು, ಯಾವ ಸೌಲಭ್ಯಗಳು ಚಾಲ್ತಿಯಲ್ಲಿದ್ದವು. ದಾಖಲೆಗಳನ್ನು ಎರಡು ವರ್ಷ ಇಟ್ಟುಕೊಳ್ಳಬೇಕೆಂಬ ಷರತ್ತು 2021ರ ಡಿಸೆಂಬರಿನಿಂದ ಪರವಾನಗಿಯಲ್ಲೇ ಇದೆ, ಇಲ್ಲವೆನ್ನಲು ಬರುವುದಿಲ್ಲ.

ಮೀಟರ್ ರೂಮ್

131 ನಿಮಿಷದ ಒಳಗೆ 48 ನಿಮಿಷ ಕೂತಿದೆಯೇ? ಇದು ಡಿಪಿ ಬಾಕ್ಸ್‌ನ ಕಳ್ಳತನವಲ್ಲ. ತಂದೆಯವರನ್ನು ಅನುಮಾನಿಸಿದ್ದಕ್ಕೆ ಕ್ಷಮೆಯಿರಲಿ.

ಮಲೆನಾಡ ಮಗ

ಪರವಾಗಿಲ್ಲ ಸಾರ್. ಯೋಜನೆಯ 470 ರೂಪಾಯಿ 82 ಪೈಸೆಯನ್ನು ಇವತ್ತೇ ಕಟ್ಟಿ, ಉಳಿದ 10,915 ರೂಪಾಯಿಗೆ ತಕರಾರಿದೆಯೆಂದು ಬರೆದು ಸೋಮವಾರ ಮೇಲ್ಮನವಿ ಸಲ್ಲಿಸುತ್ತೇನೆ. ಸಂಪರ್ಕ ಕಡಿದರೆ ಉಳಿದದ್ದನ್ನೂ ಆಕ್ಷೇಪಣೆಯೊಂದಿಗೆ ಕಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

ಹಳೇ ಬೂತ್

ಆ ವಿವರ ಪುಟದ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಪರಿಶೀಲನೆಗೆ ಬೇಕೆಂದು ಕೇಳುತ್ತಾರೆ. ಜೆರಾಕ್ಸ್ ಕೊಟ್ಟು, ಅದರ ಮೇಲೆ ಅವರ ಸಹಿ, ಮೊಹರು, ತಾರೀಖು ಹಾಕಿಸಿಕೊಳ್ಳಿ. ನಾನು ಕೊಟ್ಟ ಗೋಣಿಚೀಲಕ್ಕೆ ರಸೀದಿಯನ್ನೇ ಕೇಳಿರಲಿಲ್ಲ.